ನೀತಿ ಪಾಠಕ್ಕೆ ಪುಸ್ತಕ ಬೇಡ: ಪಠ್ಯ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ, ನೀತಿ ಶಿಕ್ಷಣದ ಪಠ್ಯ ಬರೆಯಲು ಕೂರುವ ವಿದ್ವಾಂಸರಿಗೆ ಮತ್ತು ಶಿವಮೊಗ್ಗ ಜಿಲ್ಲೆಯ ಶಿಕ್ಷಕ ಶಿಕ್ಷಕಿಯರಿಗೆ ವಂದನೆಗಳು.

ಮಕ್ಕಳಿಗೆ ನೀತಿ ಹೇಳಿಕೊಡಬೇಕು ಎಂಬ ಮಾತು ನಮ್ಮಲ್ಲಿ ಕೆಲವು ವರ್ಷಗಳಿಗೊಮ್ಮೆ ಏಳುತ್ತದೆ. ಈಗ ಮತ್ತೆ ಎದ್ದಿದೆ. ಹುಡುಗರು ಮೊಬೈಲ್‌ನಿಂದ ತಲೆ ಎತ್ತುವುದಿಲ್ಲ, ಹಿರಿಯರೆಂದರೆ ಲಕ್ಷ್ಯವಿಲ್ಲ, ಸುಳ್ಳು ಹೇಳಲು ಅಳುಕಿಲ್ಲ, ಆದ್ದರಿಂದ ವಾರಕ್ಕೆ ಒಂದೆರಡು ಅವಧಿ ನೀತಿ ಪಾಠಕ್ಕೆ ಮೀಸಲಿಡೋಣ ಎನ್ನುವುದು ವಾದ. ಅವಧಿ ಬೇಡ ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಬೇಕು. ನನ್ನ ಹೆದರಿಕೆಯೆಲ್ಲ ಅದರ ಹಿಂದೆಯೇ ಬರುವ ಪುಸ್ತಕದ ಬಗ್ಗೆ. ಪುಸ್ತಕ ಬಂದರೆ ಪ್ರಶ್ನೋತ್ತರ ಬರುತ್ತದೆ, ಪ್ರಶ್ನೋತ್ತರ ಬಂದರೆ ಗೈಡ್ ಬರುತ್ತದೆ, ಕೊನೆಗೆ ‘ಪ್ರಾಮಾಣಿಕತೆ ಎಂದರೇನು? ಎರಡು ಅಂಕ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆ ಎರಡು ಅಂಕ ತಪ್ಪಬಾರದೆಂದು ಪಕ್ಕದವನ ಉತ್ತರ ಪತ್ರಿಕೆ ಇಣುಕುವ ಮಗುವಿಗೆ ನಾವು ಆಮೇಲೆ ಏನು ಹೇಳುವುದು?

ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಡಿಕೆ ತೋಟ ಮಾಡಿಕೊಂಡಿರುವವನು. ಊರಿನ ಸರ್ಕಾರಿ ಶಾಲೆಯ ಶಾಲಾಭಿವೃದ್ಧಿ ಸಮಿತಿಯಲ್ಲಿದ್ದೇನೆ. ವಿದ್ವಾಂಸನಲ್ಲ. ಶಾಸನ ಓದುವ ಚಟ ಒಂದಿದೆ. ಅದೂ ತಜ್ಞರು ಬಿಸಿಲಲ್ಲಿ ನಿಂತು ಓದಿದ್ದನ್ನು ಮನೆಯ ಜಗಲಿಯಲ್ಲಿ ಕೂತು ಅಚ್ಚಿನಲ್ಲಿ ಓದುವ ಚಟ.

ನಮ್ಮ ಶಾಲೆಯ ಕಾಂಪೌಂಡ್ ಗೋಡೆಯ ಮೇಲೂ ನೀಲಿ ಬಣ್ಣದಲ್ಲಿ ನುಡಿಮುತ್ತುಗಳಿವೆ. ಸತ್ಯವೇ ದೇವರು. ಕಾಯಕವೇ ಕೈಲಾಸ. ಮಳೆಗಾಲ ಮುಗಿಯುವ ಹೊತ್ತಿಗೆ ಪಾಚಿ ಹಿಡಿದು ಅರ್ಧ ಅಕ್ಷರ ಮಾತ್ರ ಕಾಣುತ್ತವೆ, ಅನುದಾನ ಬಂದ ವರ್ಷ ಮತ್ತೆ ಬರೆಸುತ್ತೇವೆ. ಅದರ ಬಗ್ಗೆ ತಕರಾರಿಲ್ಲ. ಆದರೆ ತಪಾಸಣೆಗೆ ಸಾಹೇಬರು ಬರುವ ಹಿಂದಿನ ದಿನ ಇಂಥ ಗೋಡೆಗಳ ಒಳಗೆ ಮಕ್ಕಳಿಗೆ ಏನೇನು ಹೇಳಿಕೊಡಲಾಗುತ್ತದೆ ಎಂಬುದು ನಾಡಿನ ಪೋಷಕರಿಗೆಲ್ಲ ಗೊತ್ತು, ಸಾಹೇಬರಿಗೂ ಗೊತ್ತು. ಯಾವ ಪ್ರಶ್ನೆಗೆ ಯಾವ ಉತ್ತರ, ಯಾರು ಕೈ ಎತ್ತಬೇಕು, ಯಾರು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರಬೇಕು. ಮಗು ಎರಡನ್ನೂ ಕಲಿಯುತ್ತದೆ. ಗೋಡೆಯ ಮೇಲಿನದು ಓದುವುದಕ್ಕೆ, ಒಳಗಿನದು ಬದುಕುವುದಕ್ಕೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಯನ್ನು ಯಾವ ಪಠ್ಯದಲ್ಲೂ ಸೇರಿಸಬೇಕಾಗಿಲ್ಲ.

ಹಾಗಾದರೆ ಏನು ಮಾಡಬೇಕು ಎಂದು ನೀವು ಕೇಳುತ್ತೀರಿ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಬನ್ನಿ ಎನ್ನುತ್ತೇನೆ.

ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದಂತೆ ಹನ್ನೆರಡನೆಯ ಶತಮಾನದಲ್ಲಿ ಕೋಡಿಮಠ ಎಂಬ ಮಠವಿತ್ತು. ಕಾಳಾಮುಖ ಶೈವರದು. 1162ರ ಒಂದು ಶಾಸನ ಆ ಮಠವನ್ನು ವರ್ಣಿಸುತ್ತದೆ. ಕಾಲ ಬಿಜ್ಜಳನದು. ಶಾಸನಗಳೆಂದರೆ ಸಾಮಾನ್ಯವಾಗಿ ಯಾವ ಅರಸ ಯಾರನ್ನು ಬಡಿದ, ಯಾರಿಗೆ ಎಷ್ಟು ಗದ್ದೆ ಬಿಟ್ಟ, ಆ ದಾನವನ್ನು ಕೆಡಿಸಿದವನು ಮುಂದಿನ ಜನ್ಮದಲ್ಲಿ ಏನಾಗಿ ಹುಟ್ಟುತ್ತಾನೆ ಎಂಬ ವಿವರ. ಈ ಶಾಸನ ಬೇರೆ ದಾರಿ ಹಿಡಿಯುತ್ತದೆ. ಮಠದಲ್ಲಿ ಏನೇನು ನಡೆಯುತ್ತಿತ್ತು ಎಂದು ಒಂದೊಂದಾಗಿ ಎಣಿಸುತ್ತ ಹೋಗುತ್ತದೆ. ನಾಲ್ಕು ವೇದಗಳನ್ನು ಅವುಗಳ ಅಂಗಗಳೊಂದಿಗೆ ಓದುವ ಸ್ಥಳ. ಪಾಣಿನಿಯ ವ್ಯಾಕರಣವನ್ನೂ ಶಾಕಟಾಯನನ ವ್ಯಾಕರಣವನ್ನೂ ಕಲಿಸುವ ಸ್ಥಳ. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಜೊತೆಗೆ ಬೌದ್ಧ ದರ್ಶನವನ್ನೂ ವ್ಯಾಖ್ಯಾನಿಸುವ ಸ್ಥಳ. ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಗಳಿಗೂ ಅಲ್ಲಿ ಜಾಗ.

ಇಷ್ಟೇ ಆಗಿದ್ದರೆ ಅದೊಂದು ದೊಡ್ಡ ವಿದ್ಯಾಪೀಠ ಎಂದು ಹೇಳಿ ಸುಮ್ಮನಾಗಬಹುದಿತ್ತು. ಶಾಸನ ಸುಮ್ಮನಾಗುವುದಿಲ್ಲ, ಒಂದೇ ಉಸಿರಿಗೆ ಮುಂದುವರಿಯುತ್ತದೆ. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಕೊಡುವ ಸ್ಥಳ. ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು ಬಂದರೆ ಅವರಿಗೂ ಅನ್ನ. ನಾನಾ ಪಂಥಗಳ ಭಿಕ್ಷುಗಳಿಗೆ, ಸಂನ್ಯಾಸಿಗಳಿಗೆ ಅನ್ನ. ದಿಕ್ಕಿಲ್ಲದ ರೋಗಿಗಳನ್ನು ಇರಿಸಿಕೊಂಡು ಔಷಧ ಕೊಡುವ ಸ್ಥಳ. ಸಕಲ ಜೀವಿಗಳಿಗೂ ಅಭಯ ಕೊಡುವ ಸ್ಥಳ.

ಈ ಪಟ್ಟಿಯನ್ನು ಎಷ್ಟು ಸಲ ಓದಿದರೂ ನನಗೆ ಬೆರಗು ಮುಗಿಯುವುದಿಲ್ಲ. ಶಾಸನ ಬರೆದವನಿಗೆ ವ್ಯಾಕರಣಕ್ಕೂ ಗಂಜಿಗೂ ನಡುವೆ ಗೆರೆ ಎಳೆಯಬೇಕು ಎಂದು ಹೊಳೆಯಲೇ ಇಲ್ಲ. ಪೂಜೆ ಇಲ್ಲಿ, ವಿಚಾರ ಅಲ್ಲಿ, ಪರೋಪಕಾರ ಇನ್ನೆಲ್ಲೋ ಎಂಬ ಇಲಾಖೆಗಳು ಅವನ ಕಾಲಕ್ಕೆ ಹುಟ್ಟಿರಲಿಲ್ಲ. ಶಿವನನ್ನು ನಂಬಿದ ಮನೆಯಲ್ಲಿ ಬೌದ್ಧರ ತರ್ಕ ಪಾಠವಾಗುತ್ತಿತ್ತು. ಆ ಪಾಠದ ಸದ್ದು ಕೇಳುವಷ್ಟು ಹತ್ತಿರದಲ್ಲಿ ಒಬ್ಬ ರೋಗಿ ಮಲಗಿದ್ದಿರಬೇಕು. ಅಭಯವನ್ನು ಅದೇ ಪಟ್ಟಿಗೆ ಸೇರಿಸಿದ್ದು ತುಂಬ ತಿಳಿದವರ ಕೆಲಸ. ಹಸಿದವನ ಕಿವಿಗೆ ತರ್ಕ ಬೀಳುವುದಿಲ್ಲ, ಹೆದರಿದವನ ಬಾಯಿಗೆ ಪ್ರಶ್ನೆ ಬರುವುದಿಲ್ಲ. ನಮ್ಮ ಮಕ್ಕಳಿಗೆ ನೀತಿ ಕಲಿಸಲು ಹೊರಟವರು ಮೊದಲು ಆ ಹೆದರಿಕೆಯ ಬಗ್ಗೆ ಯೋಚಿಸಬೇಕು.

ಹಳೆಯ ಕಾಲಕ್ಕೆ ಹೂಮಾಲೆ ಹಾಕುವ ಉದ್ದೇಶ ನನಗಿಲ್ಲ. ದಾನದ ಶಾಸನ ದಾನ ಪಡೆದವರ ಪರವಾಗಿಯೇ ಮಾತಾಡುತ್ತದೆ. ಆ ಮಠದ ಬಾಗಿಲಾಚೆ ಯಾರು ನಿಂತಿದ್ದರು, ವೇದದ ಪಾಠ ಯಾರ ಮನೆಯ ಮಕ್ಕಳಿಗೆ ಸಿಗುತ್ತಿತ್ತು, ಹೆಣ್ಣುಮಕ್ಕಳು ಎಲ್ಲಿ ಕೂರುತ್ತಿದ್ದರು ಎಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಬೇಕು. ಕೇಳಲಿ ಎಂದೇ ಅಲ್ಲಿಗೆ ಕರೆದೊಯ್ಯಿರಿ ಎನ್ನುತ್ತಿರುವುದು. ಅದೇ ಊರಿನಲ್ಲಿ ಹರಿ, ಹರ, ಬ್ರಹ್ಮ, ಜಿನ, ಬುದ್ಧ ಐವರಿಗೂ ಮಠಗಳಿದ್ದವು ಎಂದು ಶಾಸನಗಳು ಹೇಳುತ್ತವೆ. ಹನ್ನೊಂದನೆಯ ಶತಮಾನದಲ್ಲಿ ಅಲ್ಲೊಂದು ಬೌದ್ಧ ವಿಹಾರವಿತ್ತು, ತಾರಾದೇವಿಯ ಪೂಜೆಗೆ ದತ್ತಿ ಇತ್ತು. ಆ ವಿಹಾರ ಏನಾಯಿತು? ಉತ್ತರ ಮೇಷ್ಟರಿಗೂ ಗೊತ್ತಿರಬೇಕಾಗಿಲ್ಲ. ಗೊತ್ತಿಲ್ಲ ಎಂದು ಮೇಷ್ಟರು ಹೇಳುವುದನ್ನು ಮಕ್ಕಳು ಒಮ್ಮೆಯಾದರೂ ಕಣ್ಣಾರೆ ಕಾಣಲಿ.

ಈ ಬಳ್ಳಿಗಾವಿಯಲ್ಲಿ ಮದ್ದಳೆ ನುಡಿಸುತ್ತಿದ್ದ ಹುಡುಗನೇ ಮುಂದೆ ಅಲ್ಲಮಪ್ರಭುವಾದ ಎನ್ನುತ್ತಾರೆ. ಅಲ್ಲಿಗೆ ಹತ್ತಿರದ ಉಡುತಡಿಯ ಮಹಾದೇವಿ ನಾಡಿಗೆಲ್ಲ ಅಕ್ಕನಾದಳು. ಒಂದೇ ತಾಲ್ಲೂಕಿನ ಇಬ್ಬರು ಎದುರುಬದುರಾದದ್ದು ದೂರದ ಕಲ್ಯಾಣದಲ್ಲಿ. ಶರಣ ಪರಂಪರೆ ಹೇಳುವಂತೆ, ಅಲ್ಲಿಗೆ ಬಂದ ಅಕ್ಕನನ್ನು ಅಲ್ಲಮ ಹಾರ ಹಾಕಿ ಒಳಗೆ ಕರೆಯಲಿಲ್ಲ. ನಿನ್ನ ಗಂಡ ಯಾರು ಎಂದು ಕೇಳಿದ. ಬಟ್ಟೆ ತೊರೆದವಳು ಕೂದಲಲ್ಲಿ ಮೈ ಮುಚ್ಚಿಕೊಂಡದ್ದೇಕೆ ಎಂದು ಕೇಳಿದ. ಇಂದು ಯಾರಾದರೂ ಸಭೆಯಲ್ಲಿ ಹೀಗೆ ಕೇಳಿದರೆ ಸಂಜೆಯೊಳಗೆ ಠಾಣೆಗೆ ದೂರು ಹೋಗುತ್ತದೆ, ಹೋಗಬೇಕಾದದ್ದೂ ಸರಿಯೇ. ಆದರೆ ಅಕ್ಕ ಅಳಲಿಲ್ಲ, ಸಿಟ್ಟು ಮಾಡಿಕೊಂಡು ತಿರುಗಿ ನಡೆಯಲಿಲ್ಲ. ಒಂದೊಂದು ಪ್ರಶ್ನೆಗೂ ನಿಂತು ಉತ್ತರ ಕೊಟ್ಟಳು, ಕೇಳಿದವನೇ ಕೊನೆಗೆ ಅವಳಿಗೆ ತಲೆಬಾಗಿದ. ಇದೇ ಅಲ್ಲಮ ಸೊನ್ನಲಿಗೆಗೆ, ಅಂದರೆ ಇಂದಿನ ಸೊಲ್ಲಾಪುರಕ್ಕೆ ಹೋದಾಗ ಅಲ್ಲಿ ಸಿದ್ಧರಾಮ ಕೆರೆ ಕಟ್ಟಿಸುತ್ತಿದ್ದ. ಊರಿಗೆ ನೀರು ಕೊಡುವ ಪುಣ್ಯದ ಕೆಲಸ. ಅದರಲ್ಲೂ ಅಲ್ಲಮ ತಪ್ಪು ಕಂಡ: ಕೆರೆ ತೋಡುವವನು ‘ನಾನು ತೋಡಿದೆ’ ಎಂಬುದನ್ನೂ ಜೊತೆಗೆ ತೋಡುತ್ತಿದ್ದಾನೆ ಎಂಬುದು ಅವನ ಆಕ್ಷೇಪ.

ಸದ್ಗುಣದ ಮೇಲೆ ಇಷ್ಟು ನಿಷ್ಠುರವಾದ ಪ್ರಶ್ನೆ ಹಾಕಿದವನು ಹುಟ್ಟಿದ ಜಿಲ್ಲೆ ನಮ್ಮದು. ಬಸ್ ತಂಗುದಾಣಕ್ಕೆ ತಗಡು ಹೊದಿಸಿದವರ ಹೆಸರು ತಗಡಿಗಿಂತ ದೊಡ್ಡದಾಗಿ ಕಾಣುವುದೂ ಇದೇ ಜಿಲ್ಲೆಯಲ್ಲಿ. ಮಕ್ಕಳು ಎರಡನ್ನೂ ನೋಡಲಿ. ಆ ಶರಣರ ನಡುವೆ ಭಕ್ತಿಗೆ ರಿಯಾಯಿತಿ ಇರಲಿಲ್ಲ. ಪ್ರಶ್ನೆಗೆ ಸಿಕ್ಕಿಯೂ ಉಳಿದರೆ ಭಕ್ತಿ, ಉಳಿಯದಿದ್ದರೆ ಅಭ್ಯಾಸಬಲ. ನಮ್ಮ ತರಗತಿಗಳಲ್ಲಿ ಏಕೆ ಎಂದು ಕೇಳಿದ ಮಗುವಿಗೆ ಸಿಗುವ ಮೊದಲ ನೀತಿ ಪಾಠ ‘ಎದುರುತ್ತರ ಕೊಡಬೇಡ’ ಎಂಬುದು. ಮನೆಗಳಲ್ಲೂ ಅದೇ, ನನ್ನ ಮನೆಯನ್ನು ಹೊರತುಪಡಿಸಿ ಹೇಳುತ್ತಿಲ್ಲ.

ಅಕ್ಕನ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನು ಹೇಳಲೇಬೇಕು, ನಿಮ್ಮ ಪಠ್ಯ ಸಮಿತಿಗೆ ಇರುಸುಮುರುಸಾದರೂ ಸರಿ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಜಾತ್ರೆಗೆ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ದೇವಸ್ಥಾನಕ್ಕೆ ನಡೆಯುತ್ತಿದ್ದರು. ಅವರಲ್ಲಿ ಬಡವರು, ದಲಿತರು, ಹೆಣ್ಣುಮಕ್ಕಳು ಬಹಳ. 1986ರ ಜಾತ್ರೆಯಲ್ಲಿ ಅದನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಗುಂಪು ಎರಗಿತು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಅಕ್ಕನೂ ಬಟ್ಟೆ ತೊರೆದಳು, ಇವರೂ ತೊರೆದರು; ಎರಡು ಕಡೆಯೂ ದೇವರ ಹೆಸರೇ. ಆದರೆ ಅಕ್ಕ ಅರಮನೆಯನ್ನೂ ಅರಸನನ್ನೂ ಬಿಟ್ಟು ನಡೆದದ್ದು ಯಾರ ಹರಕೆಯನ್ನೂ ತೀರಿಸಲಿಕ್ಕಲ್ಲ. ಅದು ಅವಳ ನಿರ್ಧಾರ. ಚಂದ್ರಗುತ್ತಿಯ ಹಾದಿಯಲ್ಲಿ ನಡೆದ ಹುಡುಗಿಯ ಹರಕೆಯನ್ನು ಯಾರು ಹೊತ್ತಿದ್ದರು? ಅಪ್ಪನೇ, ಅಜ್ಜಿಯೇ, ಊರೇ? ಅವಳನ್ನು ಯಾರಾದರೂ ಕೇಳಿದ್ದರೇ? ನಂಬಿಕೆ ಎಂಬುದು ಎಲ್ಲಿಯವರೆಗೆ ನನ್ನದು, ಎಲ್ಲಿಂದ ನನ್ನ ಮೇಲೆ ಹೇರಿದ್ದು ಎಂಬುದನ್ನು ಹತ್ತನೇ ತರಗತಿಯ ಮಕ್ಕಳು ಯೋಚಿಸಬಲ್ಲರು. ನಾವು ಯೋಚಿಸಲು ಬಿಡುವುದಿಲ್ಲ, ಅಷ್ಟೇ.

ನಮ್ಮ ತಾಲ್ಲೂಕಿನ ಪಾಠ ಕಾಗೋಡಿನಲ್ಲಿದೆ. 1951ರಲ್ಲಿ ಅಲ್ಲಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗಣಪತಿಯಪ್ಪನವರು ಸಂಘಟಿಸಿದ ಹೋರಾಟ ಅದು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದರಿಂದ ದೇಶಕ್ಕೆಲ್ಲ ಗೊತ್ತಾಯಿತು. ಭೂಮಿಯ ಪ್ರಶ್ನೆ ಅಲ್ಲಿ ಎದ್ದದ್ದು ಒಂದು ಕೊಳಗದಿಂದ. ಗೇಣಿಯ ಭತ್ತ ಅಳೆಯುವಾಗ ಒಡೆಯರ ಕಡೆಯ ಕೊಳಗ ಇರಬೇಕಾದ್ದಕ್ಕಿಂತ ದೊಡ್ಡದು. ನ್ಯಾಯದ ಕೊಳಗದಲ್ಲಿ ಅಳೆಯಿರಿ ಎಂದು ಗೇಣಿದಾರರು ಕೇಳಿದರು, ಕೇಳಿದ್ದಕ್ಕೆ ಉಳುವ ಗದ್ದೆಯಿಂದಲೇ ಹೊರದಬ್ಬಿಸಿಕೊಂಡರು. 1974ರಲ್ಲಿ ಉಳುವವನಿಗೇ ಭೂಮಿ ಎಂಬ ಕಾನೂನು ಬರುವ ಹೊತ್ತಿಗೆ ಕಾಗೋಡಿನ ಹುಡುಗರು ನಡುವಯಸ್ಸು ಮುಟ್ಟಿದ್ದರು.

ನನಗೆ ಕಾಡುವುದು ಆ ಕೊಳಗ. ದೇವರ ಮುಂದೆ ಸಂಜೆ ದೀಪ ಹಚ್ಚದ ಮನೆ ಆ ಕಾಲದಲ್ಲಿ ಯಾವುದಿತ್ತು? ಸುಳ್ಳು ಹೇಳಬಾರದು ಎಂದು ಮಕ್ಕಳಿಗೆ ಹೇಳದ ಒಡೆಯ ಯಾರಿದ್ದ? ಸುಳ್ಳನ್ನು ಅವನು ಬಾಯಲ್ಲಿ ಹೇಳಲೇ ಇಲ್ಲ. ಬಡಗಿಯ ಕೈಯಲ್ಲಿ ಮರದಲ್ಲಿ ಮಾಡಿಸಿಟ್ಟಿದ್ದ. ವರ್ಷಕ್ಕೊಮ್ಮೆ ಕಣದಲ್ಲಿ ಅದು ತಾನಾಗಿಯೇ ಸುಳ್ಳು ಹೇಳುತ್ತಿತ್ತು. ಸುಳ್ಳು ಹೇಳಬಾರದು ಎಂದು ಹತ್ತು ಸಲ ಬರೆಸುವ ಪಾಠಕ್ಕೆ ಈ ಕೊಳಗ ಸಿಕ್ಕುವುದಿಲ್ಲ. ನಮ್ಮ ಅಡಿಕೆ ವ್ಯಾಪಾರದಲ್ಲೂ ಇಂಥ ಕೊಳಗಗಳಿವೆ. ಒಳ್ಳೆಯ ದರ್ಜೆಯ ರಾಶಿ ಅಡಿಕೆಯ ಚೀಲದ ನಡುವೆ ಕೀಳು ದರ್ಜೆಯ ಗೊರಬಲು ಸೇರಿಸುವವರಿದ್ದಾರೆ, ಹಳೆಯ ಸರಕಿಗೆ ಬಣ್ಣ ಹಾಕಿ ಹೊಸದೆಂದು ದಾಟಿಸುವವರಿದ್ದಾರೆ. ಮಂಡಿಯಲ್ಲಿ ಕೂತು ಅವರೇ ಕಾಲ ಕೆಟ್ಟಿತು ಎಂದು ನಿಟ್ಟುಸಿರು ಬಿಡುತ್ತಾರೆ. ಮಕ್ಕಳನ್ನು ಒಂದು ದಿನ ಮಂಡಿಗೆ ಕರೆದೊಯ್ದು ತೂಕದ ಯಂತ್ರದ ಪಕ್ಕ ನಿಲ್ಲಿಸಿ. ನೀವು ಏನೂ ಹೇಳಬೇಡಿ. ಅವರು ಏನು ನೋಡಿದರು ಎಂದು ಮರುದಿನ ಕೇಳಿದರೆ ಸಾಕು.

ಚೆನ್ನಾಗಿ ಬದುಕುವುದು ಎಂದರೆ ಏನು ಎಂದು ಮಕ್ಕಳು ಕೇಳಿದರೆ ನನ್ನ ಬಳಿ ಇರುವುದು ಅಬ್ಬಿ ನೀರಿನ ಉತ್ತರ. ಗುಡ್ಡದ ಅಬ್ಬಿಯಿಂದ ಇಳಿದು ಬರುವ ನೀರು ನಮ್ಮ ಕಡೆ ಹಲವು ತೋಟಗಳಿಗೆ ಒಂದೇ. ಬೇಸಿಗೆಯಲ್ಲಿ ಸರದಿ ಇರುತ್ತದೆ. ಮೇಲಿನ ತೋಟದವನ ಪಾಳಿ ಮುಗಿಯುವುದು ಒಮ್ಮೊಮ್ಮೆ ನಡುರಾತ್ರಿ. ಆಗ ಅವನು ಎದ್ದು, ಬ್ಯಾಟರಿ ಹಿಡಿದು, ಹಾವು ಹುಳ ನೋಡಿಕೊಂಡು ಕಪ್ಪಿನ, ಅಂದರೆ ತೋಟದ ಕಾಲುವೆಯ ಬದಿಗೆ ಹೋಗಿ, ತನ್ನ ಕಡೆಗೆ ಹರಿಯುವ ನೀರನ್ನು ಕಟ್ಟಿ ಕೆಳಗಿನ ತೋಟಕ್ಕೆ ಬಿಡಬೇಕು. ಬಿಡದೆ ಬೆಳಗಿನವರೆಗೆ ಮಲಗಿದರೆ ಕೇಳುವವರಿಲ್ಲ. ಕೆಳಗಿನವನಿಗೆ ಎಷ್ಟು ಬಂತು ಎಂಬುದಕ್ಕೆ ಮೀಟರ್ ಇಲ್ಲ. ಆದರೂ ಎದ್ದು ಹೋಗುವವರಿದ್ದಾರೆ. ಬನದ ದೇವತೆ ಚೌಡಿಯ ಭಯವೋ, ತನ್ನ ಮನಸ್ಸಿನ ಭಯವೋ, ಕೆಳಗಿನವನ ದೊಣ್ಣೆಯ ಭಯವೋ ನಾನು ಹೇಳಲಾರೆ. ಬಹುಶಃ ಮೂರೂ ಸ್ವಲ್ಪ ಸ್ವಲ್ಪ. ಅವರ ಮುಖದಲ್ಲಿ ಪುಣ್ಯವಂತರ ಕಳೆಯೇನೂ ಇರುವುದಿಲ್ಲ, ನಿದ್ದೆಗೆಟ್ಟ ಕಣ್ಣು ಇರುತ್ತದೆ. ನಂಬಿಕೆ, ವಿಚಾರ, ಗುಣ ಎಂದು ನೀವು ಮೂರು ಅಧ್ಯಾಯ ಮಾಡಲು ಹೊರಟಿರುವುದು ಆ ಹೊತ್ತಿನಲ್ಲಿ ಒಂದೇ ಕೈಯ ಕೆಲಸವಾಗಿರುತ್ತದೆ: ಒಂದು ಹಾರೆ ಮಣ್ಣು ತೆಗೆದು ಇನ್ನೊಂದು ಬದಿಗೆ ಹಾಕುವುದು.

ಹಬ್ಬಗಳ ಬಗ್ಗೆಯೂ ಒಂದು ಮಾತು. ನೀತಿ ಪುಸ್ತಕಗಳಲ್ಲಿ ‘ನಮ್ಮ ಹಬ್ಬಗಳು’ ಎಂಬ ಅಧ್ಯಾಯ ಇದ್ದೇ ಇರುತ್ತದೆ, ಚಿತ್ರದಲ್ಲಿ ಎಲ್ಲರೂ ನಗುತ್ತಿರುತ್ತಾರೆ. ನಮ್ಮಲ್ಲಿ ಸೀಗೆ ಹುಣ್ಣಿಮೆಯಂದು ಭೂಮಿ ಹುಣ್ಣಿಮೆ. ಪೈರು ಕಾಳು ಕಟ್ಟುವ ಹೊತ್ತು. ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ ಎಂಬ ಭಾವ. ದೀವರು ಎಂಬ ಸಮುದಾಯದ ಮನೆಯ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಬಿಳಿಯ ಚಿತ್ತಾರ ಬರೆಯುತ್ತಾರೆ. ರಾತ್ರಿಯೆಲ್ಲ ಅಡುಗೆ. ಬೇಲಿಯ, ಬದುವಿನ, ಕಾಡಿನ ಹತ್ತಾರು ಬಗೆಯ ಸೊಪ್ಪು ಕೂಡಿಸಿ ಬೇಯಿಸಿದ ಬೆರಕೆ ಸೊಪ್ಪಿನ ಚರಗವನ್ನು ಬೆಳಕು ಹರಿಯುವ ಮೊದಲು ಗದ್ದೆಗೆ ಬೀರುತ್ತಾರೆ. ಕಾಗೆಗೊಂದು ಎಡೆ. ಹೊಲದಲ್ಲಿ ಬದುಕುವ ಯಾರೂ ಆ ದಿನ ಹಸಿದಿರಬಾರದು. ಬಳ್ಳಿಗಾವಿಯ ಶಾಸನ ಸಂಸ್ಕೃತದ ಪದಗಳಲ್ಲಿ ಸಕಲ ಜೀವಿಗಳಿಗೆ ಅಭಯ ಎಂದು ಬರೆದದ್ದನ್ನು ಅಕ್ಷರ ಕಲಿಯಲು ಬಿಡದ ಮನೆಗಳ ಹೆಂಗಸರು ಬುಟ್ಟಿಯಲ್ಲಿ ಹೊತ್ತು ತಂದರು ಎಂದು ನನಗೆ ತೋರುತ್ತದೆ. ಇದು ಇತಿಹಾಸಕಾರರು ಒಪ್ಪುವ ಮಾತಲ್ಲ, ತೋಟದವನ ಮಾತು.

ಈಗ ಇದರ ಮೇಲೆ ಮಕ್ಕಳಿಗೊಂದು ಕೆಲಸ ಕೊಡಿ. ಬೆರಕೆ ಸೊಪ್ಪಿಗೆ ಯಾವ ಯಾವ ಸೊಪ್ಪು ಬೇಕು ಎಂದು ಅಜ್ಜಿಯಿಂದ ಬರೆಸಿಕೊಂಡು ಬರಲಿ, ಅವುಗಳಲ್ಲಿ ಎಷ್ಟು ಈಗ ಬದುವಿನ ಮೇಲೆ ಸಿಗುತ್ತವೆ ಎಂದು ಹುಡುಕಲಿ. ಕಳೆನಾಶಕ ಹೊಡೆದ ಬದುವಿನಲ್ಲಿ ಸೊಪ್ಪು ಇರುವುದಿಲ್ಲ. ಸೊಪ್ಪು ಸಾಯುವ ಔಷಧ ಹೊಡೆದ ನೆಲಕ್ಕೇ ನಾವು ಚರಗ ಬೀರುತ್ತೇವೆ, ಭಕ್ತಿಯಲ್ಲಿ ಕೊರತೆಯಿಲ್ಲ. ನಾನು ಕಳೆನಾಶಕ ಹೊಡೆಯುವವರನ್ನು ಬೈಯುತ್ತಿಲ್ಲ, ಆಳು ಸಿಗದ ಊರಿನಲ್ಲಿ ಅದು ಯಾರಿಗೂ ಸುಲಭದ ತೀರ್ಮಾನವಲ್ಲ. ಮಕ್ಕಳು ಆ ಕಷ್ಟವನ್ನೂ ಬರೆದುಕೊಳ್ಳಲಿ. ಒಳ್ಳೆಯದು ಮತ್ತು ಕೆಟ್ಟದ್ದು ಎರಡು ಬಣ್ಣದ ಪೆಟ್ಟಿಗೆಗಳಲ್ಲಿ ಬೇರೆ ಬೇರೆ ಸಿಗುವುದು ಪಠ್ಯಪುಸ್ತಕದಲ್ಲಿ ಮಾತ್ರ.

ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತ ಮನೆಮನೆಗೆ ಬರುತ್ತಾರೆ. ಆ ದೀಪ ನಂದಬಾರದು, ಬಂದ ದೀಪಕ್ಕೆ ಪ್ರತಿ ಮನೆಯವರೂ ಎಣ್ಣೆ ಎರೆಯಬೇಕು. ಊರಿನ ಬೆಳಕಿಗೆ ಎಲ್ಲರ ಎಣ್ಣೆ. ಇದಕ್ಕಿಂತ ಒಳ್ಳೆಯ ಕಾವ್ಯ ನಮ್ಮ ಮಲೆನಾಡಿನಲ್ಲಿ ಇನ್ನೊಂದಿಲ್ಲ ಎಂದು ಭಾಷಣದಲ್ಲಿ ಹೇಳಲು ಚೆನ್ನಾಗಿರುತ್ತದೆ, ನಾನೂ ಹೇಳಿದ್ದೇನೆ. ಶಾಲೆಯಲ್ಲಿ ಅಷ್ಟಕ್ಕೆ ನಿಲ್ಲಿಸಬೇಡಿ. ಆ ದೀಪ ನಿಮ್ಮ ಊರಿನಲ್ಲಿ ಯಾವ ಕೇರಿಗೆ ಹೋಗುತ್ತದೆ, ಯಾವ ಕೇರಿಗೆ ಹೋಗುವುದಿಲ್ಲ ಎಂದು ಮಕ್ಕಳು ಊರಿನ ನಕ್ಷೆ ಬರೆದು ಗುರುತು ಹಾಕಲಿ. ಎಲ್ಲ ಮನೆಗೂ ಹೋಗುತ್ತದೆ ಎಂದಾದರೆ ಸಂತೋಷ, ಆ ನಕ್ಷೆಯನ್ನು ಗೋಡೆಗೆ ತೂಗುಹಾಕಿ. ಇಲ್ಲವೆಂದಾದರೆ ನೀತಿ ಪಾಠದ ಮೊದಲ ಅಧ್ಯಾಯ ಅಲ್ಲಿಯೇ ಇದೆ.

ಗಲಾಟೆಯಾಗುತ್ತದೆ ಎಂದು ನೀವು ಹೇಳುತ್ತೀರಿ. ಜಾತಿ, ಧರ್ಮ, ನಂಬಿಕೆಗಳ ವಿಷಯ ಶಾಲೆಗೆ ತಂದರೆ ಪೋಷಕರು ದೂರು ಕೊಡುತ್ತಾರೆ, ಯಾರೋ ವಿಡಿಯೊ ಮಾಡಿ ಹರಿಬಿಡುತ್ತಾರೆ, ಪಾಪದ ಮೇಷ್ಟರು ವರ್ಗವಾಗುತ್ತಾರೆ. ಈ ಹೆದರಿಕೆ ಹುಸಿಯಲ್ಲ. ಅದಕ್ಕೆಂದೇ ಪತ್ರವನ್ನು ಶಿಕ್ಷಕರಿಗೆ ಮಾತ್ರ ಬರೆಯದೆ ನಿಮಗೂ ಬರೆಯುತ್ತಿದ್ದೇನೆ. ಮಗು ಪ್ರಶ್ನೆ ಕೇಳಿದ್ದಕ್ಕೆ, ಶಿಕ್ಷಕರು ಅದನ್ನು ಕೇಳಲು ಬಿಟ್ಟಿದ್ದಕ್ಕೆ ಯಾರ ಮೇಲೂ ಕ್ರಮವಿಲ್ಲ ಎಂದು ಇಲಾಖೆ ಬರವಣಿಗೆಯಲ್ಲಿ ಕೊಡಬೇಕು. ಅಭಯದ ಮಾತು ಮೇಲಿನಿಂದ ಇಳಿದು ಬರಬೇಕಾದದ್ದು. ಕೆಳಗಿನವರು ಧೈರ್ಯಶಾಲಿಗಳಾಗಿರಿ ಎಂದು ಸುತ್ತೋಲೆ ಹೊರಡಿಸಿದರೆ ಆಗುವುದಿಲ್ಲ.

ಶಾಲೆಯಲ್ಲಿ ನೀತಿ ಪಾಠಕ್ಕೆ ಬೇರೆ ಅವಧಿಯೇ ಬೇಕಿಲ್ಲ ಎನ್ನಿಸುವ ಹೊತ್ತು ಒಂದಿದೆ, ಅದು ಮಧ್ಯಾಹ್ನದ ಊಟ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಮೊದಲಾಗಿ ಮರುವರ್ಷ ಉಳಿದೆಡೆಗೂ ಬಂದ ಅಕ್ಷರ ದಾಸೋಹ ಯೋಜನೆಗಿಂತ ದೊಡ್ಡ ನೀತಿ ಶಿಕ್ಷಣ ಸ್ವತಂತ್ರ ಕರ್ನಾಟಕದಲ್ಲಿ ನಡೆದಿಲ್ಲ ಎಂದು ನನ್ನ ಅಭಿಪ್ರಾಯ. ಪಾಠ ಹೇಳುವ ಜಾಗದಲ್ಲೇ ಅನ್ನ ಬೇಯುತ್ತದೆ. ಕೋಡಿಮಠದ ಶಾಸನ ಬರೆದವನು ಬಂದು ನೋಡಿದರೆ ಗುರುತು ಹಿಡಿಯುತ್ತಾನೆ. ಅಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ, ಯಾವ ಅಡುಗೆಯವರ ಕೈಯ ಅನ್ನ ಬೇಡವೆಂದು ಯಾವ ಮನೆಯವರು ಮಗುವಿಗೆ ಬುತ್ತಿ ಕಟ್ಟಿಕೊಡುತ್ತಾರೆ, ತಟ್ಟೆ ತೊಳೆಯುವ ನೀರು ಯಾರು ಹೊರುತ್ತಾರೆ ಎಂಬುದನ್ನು ಪಠ್ಯ ಬರೆಯುವ ವಿದ್ವಾಂಸರು ಒಂದು ವಾರ ಯಾವುದಾದರೂ ಹಳ್ಳಿ ಶಾಲೆಯಲ್ಲಿ ಕೂತು ನೋಡಲಿ. ಮುನ್ಸೂಚನೆ ಕೊಡದೆ ಬರಲಿ. ಊಟ ನಾವು ಹಾಕುತ್ತೇವೆ.

ನಮ್ಮ ಕೋರಿಕೆಗಳು ದೊಡ್ಡವಲ್ಲ. 1162ರ ಆ ಶಾಸನದ ಕೋಡಿಮಠದ ಭಾಗವನ್ನು ಇಂದಿನ ಕನ್ನಡಕ್ಕೆ ತಂದು, ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಜಿಲ್ಲೆಯ ಪ್ರತಿ ಶಾಲೆಗೆ ಕಳುಹಿಸಿ. ನೀತಿ ಪಾಠದ ಅವಧಿಗೆ ಪುಸ್ತಕ, ಪರೀಕ್ಷೆ, ಅಂಕ ಇಲ್ಲ ಎಂದು ಆದೇಶ ಮಾಡಿ. ಪ್ರಗತಿ ಪತ್ರದಲ್ಲಿ ಅದಕ್ಕೊಂದು ಕಾಲಂ ಕೂಡ ಬೇಡ, ಕಾಲಂ ಇದ್ದರೆ ಯಾರಾದರೂ ತುಂಬಿಸಿಯೇ ತುಂಬಿಸುತ್ತಾರೆ. ಚುನಾವಣೆ, ಗಣತಿ, ಸಮೀಕ್ಷೆಗಳ ನಡುವೆ ಶಿಕ್ಷಕರಿಗೆ ಇದೊಂದು ಹೊಸ ಹೊರೆಯಾಗದಂತೆ ವರದಿ ಕೇಳುವುದನ್ನೂ ಬಿಟ್ಟುಬಿಡಿ. ಫೋಟೊ ತೆಗೆದು ಗುಂಪಿಗೆ ಹಾಕಿ ಎಂದಂತೂ ಹೇಳಲೇಬೇಡಿ.

ಬಳ್ಳಿಗಾವಿ, ಉಡುತಡಿ, ಕಾಗೋಡುಗಳಿಗೆ ಮಕ್ಕಳನ್ನು ಕರೆದೊಯ್ಯಲು ಅನುಮತಿ ಕೊಡಿ. ವಾಹನದ ಖರ್ಚನ್ನು ಸಮಿತಿಯವರು, ಹಳೆಯ ವಿದ್ಯಾರ್ಥಿಗಳು ಸೇರಿ ನೋಡಿಕೊಳ್ಳುತ್ತೇವೆ. ದಿನ ಗೊತ್ತುಮಾಡುವಾಗ ಒಂದನ್ನು ಗಮನಿಸಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ, ಮಳೆಗೆ ನಮ್ಮ ಕಡೆಯ ಕಾಲುಸಂಕಗಳ ಮೇಲೆ ನಸುಕಿನಲ್ಲಿ ಮಕ್ಕಳನ್ನು ದಾಟಿಸುವ ಧೈರ್ಯ ಯಾವ ತಾಯಿಗೂ ಇಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ ಅಡಿಕೆ ಗೊನೆಗಳ ಕೊಯ್ಲು, ಸುಲಿಯುವ ಕೆಲಸ. ದೊಡ್ಡ ಮಕ್ಕಳು ಮನೆಯಲ್ಲಿ ಕೈಗೆ ಬೇಕಾಗುತ್ತಾರೆ, ಬೇಕಾಗಬಾರದು ಎಂಬುದು ಬೇರೆ ಮಾತು. ಜನವರಿ ಕೊನೆಯ ವಾರ ಆದೀತು.

ಇಂತಿ,
ಸಾಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ, ಶಾಲಾಭಿವೃದ್ಧಿ ಸಮಿತಿಯ ಸದಸ್ಯ